ಅರಿವೆಯ ಮೇಲೆ ತಟ್ಟಿದ ಕಡಲಿ ರೊಟ್ಟಿ

೧೯೭೪ನೇ ಇಸವಿಯಲ್ಲಿ ನಾನು ಸಾಲಿ ಬಿಟ್ಟೆ. ಏಳನೇ ಇಯತ್ತೆ ಅರ್ಧಕ್ಕೆ ಬಂದಿತ್ತು. ಬಿಡಿಸಿದರು ಎಂದು ಯಾರ ಮೇಲೂ ಹೊರಿಸುವುದಿಲ್ಲ, ನಾನೇ ಬಿಟ್ಟೆ. ಕಡಲಿ ಹೂವಿಗೆ ಬರುವ ಹೊತ್ತು ಅದು. ಪ್ರತಿ ವರ್ಷ ಹೊಲ ಕಾಯುತ್ತಿದ್ದ ಮುತ್ಯಾನ, ಅಂದರೆ ಅಜ್ಜನ, ಮೊಣಕಾಲು ಬಾತುಕೊಂಡು ಆತ ಹೊರಸು ಬಿಟ್ಟು ಏಳದಂತಾಗಿದ್ದ. ಅಪ್ಪ ಬಂಡಿ ಹೊಡೆದುಕೊಂಡು ಬಿಜಾಪುರಕ್ಕೂ ಊರಿಗೂ ತಿರುಗುತ್ತಿದ್ದ. ಹೊಲಕ್ಕೊಬ್ಬ ಗಂಡಾಳು ಬೇಕಲ್ಲ ಎಂಬ ಮಾತು ಪಡಸಾಲೆಯಲ್ಲಿ ಬಂದಾಗ ನಾನು ಎದ್ದು ನಿಂತೆ. ಹನ್ನೆರಡು ತುಂಬಿದ ಹುಡುಗನನ್ನು ನೋಡಿ ಎಲ್ಲರೂ ನಕ್ಕರು. ಆ ನಗು ನನಗೆ ಸೇರಲಿಲ್ಲ. ಪಾಟಿಚೀಲವನ್ನು ಗೂಟಕ್ಕೆ ಹಾಕಿದವನು ಮತ್ತೆ ಇಳಿಸಲಿಲ್ಲ. ಮಾಸ್ತರರು ಎರಡು ಸಲ ಹೇಳಿಕಳಿಸಿದರು. ಕಡಲಿ ಕೊಯ್ದ ಮೇಲೆ ಬರುತ್ತೇನೆ ಎಂದು ಉತ್ತರ ಕಳಿಸಿದೆ. ಕಡಲಿ ಕೊಯ್ದಾಯಿತು, ಆಮೇಲೆ ಎಷ್ಟೋ ಸಲ ಬಿತ್ತಿಯೂ ಆಯಿತು.

ಬಬಲೇಶ್ವರದಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಮೊದಲು ಎತ್ತುಗಳು, ಒಂದು ಎಮ್ಮೆ. ಎರಡು ಮೆಟ್ಟಿಲು ಹತ್ತಿದ ಮೇಲೆ ನಾವು. ಅಡುಗೆಮನೆಗೆ ಇದ್ದದ್ದು ಮಾಳಿಗೆಯಲ್ಲಿ ಕೊರೆದ ಒಂದೇ ಬೆಳಕಿಂಡಿ. ಮಧ್ಯಾಹ್ನ ಅದರಿಂದ ಬಿಸಿಲಿನ ಒಂದು ಕೋಲು ಇಳಿದು ಒಲೆಯ ಹೊಗೆಯೊಳಗೆ ನಿಲ್ಲುತ್ತಿತ್ತು. ಆ ಕೋಲನ್ನು ಹಿಡಿದುಕೊಂಡು ಮೇಲೆ ಹತ್ತಬಹುದು ಎಂದು ನಾನು ಬಹಳ ದಿನ ನಂಬಿದ್ದೆ. ನನ್ನ ತಂಗಿ ಶಾಂತಾ ಹತ್ತಿ ನೋಡಿಯೂ ಇದ್ದಳು. ಹಿಟ್ಟಿನ ಮೊರದೊಳಗೆ ಬಿದ್ದು ಅವ್ವನಿಂದ ಬೈಸಿಕೊಂಡಳು. ಆ ಮನೆಯಲ್ಲಿ ಜೋಳಕ್ಕೆ ನೆಲದೊಳಗಿನ ಹಗೇವು ಇತ್ತು, ಕಡಲಿಗೆ ಚೀಲಗಳಿದ್ದವು. ಗೋಧಿ ಮಾತ್ರ ಅಟ್ಟದ ಮೇಲೆ ಒಂದು ಹಿತ್ತಾಳೆ ಕೊಡದೊಳಗೆ ಇರುತ್ತಿತ್ತು. ಅದು ಕೆಳಗಿಳಿಯುವುದು ಹಬ್ಬಕ್ಕೆ, ಬೀಗರು ಬಂದರೆ, ಬಾಣಂತಿಗೆ, ಇಲ್ಲವೇ ಜಡ್ಡು ಬಿದ್ದವರಿಗೆ. ಹೀಗಾಗಿ ನಮಗೆ ಗೋಧಿ ಎಂದರೆ ತಿನ್ನುವ ಕಾಳಲ್ಲ, ಒಂದು ಮರ್ಯಾದೆ.

ಆ ವರ್ಷ ಕೊಡ ದಿನವೂ ಇಳಿಯಿತು. ಶಾಂತಾಗೆ ಆರು ವರ್ಷ. ಗಣೇಶ ಚೌತಿಯ ಆಚೀಚೆ ಅವಳ ಹೊಟ್ಟೆ ಹಲಗೆಯ ಹಾಗೆ ಬಿಗಿದುಕೊಂಡು ಕೈಕಾಲು ಕಟ್ಟಿಗೆಯಾದವು. ತಿಂದದ್ದು ನಿಲ್ಲದು. ಬಾಯಿತುಂಬ ಹುಣ್ಣು. ಕೂದಲು ಹಣಿಗೆಗೆ ಬರುತ್ತಿತ್ತು. ಬಿಜಾಪುರದ ದವಾಖಾನೆಯಲ್ಲಿ ಕೆಂಪು ಔಷಧಿ ಕೊಟ್ಟರು, ಅದರಿಂದ ನಾಲಿಗೆ ಕೆಂಪಾಯಿತು, ಅಷ್ಟೇ. ಕೊನೆಗೆ ತಿಕೋಟಾದ ಒಬ್ಬ ವೈದ್ಯರು ಬಂದು ನಾಡಿ ಹಿಡಿದರು. ಹಾಲು, ಮಜ್ಜಿಗೆ, ತುಪ್ಪ ಮುಟ್ಟಿಸಬೇಡಿ ಎಂದರು. ಜೋಳ ಒರಟು, ಕಡಲಿ ವಾಯು. ದಿನಕ್ಕೆ ಮೂರು ಹೊತ್ತು ಗೋಧಿ ಗಂಜಿ ಕುಡಿಸಿರಿ, ತಂಪು, ಹಗುರ ಎಂದರು. ಅವ್ವ ಅದನ್ನು ದೇವರ ಅಪ್ಪಣೆಯಂತೆ ನಡೆಸಿದಳು. ಕೊಡ ಖಾಲಿಯಾದರೆ ತವರಿಗೆ ಹೇಳಿಕಳಿಸಿ ತರಿಸಿದಳು. ಶಾಂತಾಳನ್ನು ತೊಡೆಯ ಮೇಲೆ ಹಾಕಿಕೊಂಡು ಬಟ್ಟಲಿಗೆ ಊದಿ ಊದಿ ಕುಡಿಸುತ್ತಿದ್ದರೆ ನಾನು ಕಂಬಕ್ಕೆ ಆತು ನೋಡುತ್ತಿದ್ದೆ. ಬೆಲ್ಲ ಹಾಕಿದ ಆ ಗಂಜಿಯ ವಾಸನೆ ಮನೆ ತುಂಬ ಹಬ್ಬದ ಹಾಗೆ ಹರಡುತ್ತಿತ್ತು. ತಳದಲ್ಲಿ ಹತ್ತಿದ್ದನ್ನು ಕೆರೆದು ತಿನ್ನುವುದಕ್ಕೆ ನಾನು ಕಾಯುತ್ತಿದ್ದೆ. ನನಗೂ ಇಂಥದೇ ಜಡ್ಡು ಬರಲಿ ಎಂದು ಒಮ್ಮೆ ದೇವರಿಗೆ ಕೈ ಮುಗಿದದ್ದೂ ಉಂಟು.

ಹೊಲಕ್ಕೆ ಹೊರಡುವ ದಿನ ಬಂಡಿಯಲ್ಲಿ ನಾನು, ಆಯಿ, ಹಂಚು, ಗಡಿಗೆ, ಎರಡು ಕೌದಿ, ಮನೆಯ ಬೀಸುಕಲ್ಲಿನಲ್ಲಿ ಆಯಿ ಬೀಸಿಟ್ಟ ಕಡಲಿ ಹಿಟ್ಟಿನ ಒಂದು ಡಬ್ಬಿ. ಆಯಿ ಎಂದರೆ ಅಪ್ಪನ ತಾಯಿ. ಸಣ್ಣಗೆ ಇದ್ದಳು, ಮಾತೂ ಸಣ್ಣವೇ. ಶಾಂತಾ ಬಾಗಿಲ ಚೌಕಟ್ಟು ಹಿಡಿದು ತಾನೂ ಬರುತ್ತೇನೆ ಎಂದು ಅಳತೊಡಗಿದಳು. ಅಳುವುದಕ್ಕೂ ಶಕ್ತಿ ಇರಲಿಲ್ಲ. ಬಾಯಿ ತೆರೆಯುವುದು ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು.

“ಈ ಥಂಡ್ಯಾಗ ಜಡ್ಡಿನ ಕೂಸಿನ್ನ ಹೊಲಕ್ಕ ಕಳಿಸಾಕ ನನಗೇನು ಹುಚ್ಚು ಹಿಡದೈತೇನು?” ಎಂದಳು ಅವ್ವ.

“ಮನ್ಯಾಗಿಟ್ಟು ಏನು ಚಂದ ಮಾಡೀರಿ?” ಎಂದಳು ಆಯಿ. “ನಾಕ ದಿನಾ ಗಾಳಿ ಕುಡೀಲಿ. ಕೂಸಿನ್ನ ಇಲ್ಲೆ ಕೊಡು.”

ಅವ್ವ ಗೋಧಿ ಹಿಟ್ಟನ್ನು ಗಂಟು ಕಟ್ಟಿ, ಮೂರು ಹೊತ್ತು ಗಂಜಿ ಎಂದು ನನ್ನಿಂದ ಮಾತು ತೆಗೆದುಕೊಂಡು, ಶಾಂತಾಳನ್ನು ಬಂಡಿಗೆ ಏರಿಸಿದಳು. ಆ ಗಂಟು ಮೊದಲ ದಿನವೇ ಹಾಳಾಯಿತು. ಗುಡಿಸಲ ಹೊರಗೆ ಇಟ್ಟು ಮರೆತಿದ್ದೆ, ಕುರಿಹಟ್ಟಿಯ ನಾಯಿ ಎಳೆದುಕೊಂಡು ಹೋಗಿ ಹೊಲದ ತುಂಬ ಚೆಲ್ಲಾಡಿತು. ಆಯಿ ನನಗೆ ಬೈಯಲಿಲ್ಲ. ನಾಯಿಗೂ ಬೈಯಲಿಲ್ಲ. ಕಪ್ಪು ಎರಿ ಮಣ್ಣಿನ ಮೇಲೆ ಬಿದ್ದ ಬಿಳಿ ಹಿಟ್ಟನ್ನು ಸ್ವಲ್ಪ ಹೊತ್ತು ನೋಡಿ, “ಹೋಗ್ಲಿ ಬಿಡು, ಅದರ ರಿಣ ನಾಯಿದಿತ್ತು” ಎಂದಳು. ಊರಿಗೆ ಹೇಳಿಕಳಿಸುವುದೂ ಬೇಡವೆಂದಳು.

ನಮ್ಮ ಹೊಲ ಮಮದಾಪುರದ ದಾರಿಯಲ್ಲಿ. ಗಿಡವಿಲ್ಲ, ಗುಡ್ಡವಿಲ್ಲ, ಎತ್ತ ನೋಡಿದರೂ ನೆಲ ಸಪಾಟಾಗಿ ಹೋಗಿ ಆಕಾಶಕ್ಕೆ ಹತ್ತುತ್ತದೆ. ಮುಂಜಾನೆ ಅಲ್ಲಿ ಎದ್ದರೆ ಯಾರೋ ಇನ್ನೂ ಕಾಣುತ್ತಿರುವ ಕನಸಿನೊಳಗೆ ಎದ್ದ ಹಾಗೆ ಇರುತ್ತಿತ್ತು. ಮಂಜು ಮೊಣಕಾಲುದ್ದ ನಿಂತಿರುತ್ತಿತ್ತು. ಅದರ ಮೇಲೆ ಚಿಗರಿ ಜಿಂಕೆಗಳ ತಲೆ, ಕೋಡು ಮಾತ್ರ ತೇಲಿಕೊಂಡು ಹೋಗುತ್ತಿದ್ದವು, ಕೆಳಗೆ ಕಾಲುಗಳೇ ಇಲ್ಲವೇನೋ ಎನ್ನುವಂತೆ. ಅವನ್ನು ಓಡಿಸುವುದೇ ನನ್ನ ಕೆಲಸ. ನಾನು ಡಬ್ಬಿ ಬಡಿದರೆ ಅವು ಓಡುವುದಿಲ್ಲ, ಹಾರುತ್ತವೆ. ಒಂದೊಂದು ಜಿಗಿತಕ್ಕೂ ಗಾಳಿಯಲ್ಲಿ ಒಂದು ಕ್ಷಣ ನಿಂತು ಯೋಚಿಸಿದಂತೆ ಕಾಣುತ್ತದೆ. ಶಾಂತಾ ಗುಡಿಸಲ ಬಾಗಿಲಲ್ಲಿ ಕೌದಿ ಹೊದ್ದು ಅವನ್ನು ಎಣಿಸುತ್ತಿದ್ದಳು. ಅವಳಿಗೆ ಇಪ್ಪತ್ತರವರೆಗೆ ಮಾತ್ರ ಬರುತ್ತಿತ್ತು. ಆಮೇಲೆ ಮತ್ತೆ ಒಂದರಿಂದ.

ಆಯಿ ಆ ಹೊತ್ತಿಗೆ ಕಡಲಿಯ ಸಾಲಿನಲ್ಲಿ ಇರುತ್ತಿದ್ದಳು. ಕಡಲಿ ಗಿಡ ಹೂವು ಬಿಟ್ಟಾಗ ಅದರ ಎಲೆಯ ಮೇಲೆ ಕೂತ ಇಬ್ಬನಿ ಹುಳಿಯಾಗುತ್ತದೆ. ಬರಿಗಾಲಲ್ಲಿ ಒಳಗೆ ನಡೆದರೆ ಕಾಲು ಉರಿಯುತ್ತದೆ. ಆಯಿ ಮುತ್ಯಾನ ಹಳೆಯ ಧೋತರದ ಒಂದು ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಗಿಡಗಳ ನೆತ್ತಿ ಸವರುತ್ತ, ನಿದ್ದೆ ಮಾಡುವ ಮಕ್ಕಳ ಮೇಲೆ ಹೊದಿಕೆ ಎಳೆಯುವಂತೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಿದ್ದಳು. ಅರಿವೆ ತೊಯ್ದು ಭಾರವಾದಾಗ ಗಡಿಗೆಗೆ ಹಿಂಡುವುದು. ಹಿಂಡಿದ್ದು ನೀರಿನಂತೆ ಕಾಣುತ್ತದೆ. ನಾಲಿಗೆಗೆ ಇಟ್ಟರೆ ಹಲ್ಲು ಜುಮ್ಮೆನ್ನುತ್ತದೆ. ಅದಕ್ಕೆ ನಮ್ಮಲ್ಲಿ ಕಡಲಿ ಹುಳಿ ಎನ್ನುತ್ತಾರೆ, ಹೊಟ್ಟೆನೋವಿಗೆ ಒಂದು ಚಮಚ ಕೊಡುತ್ತಾರೆ.

ಗಂಜಿ ಇಲ್ಲ, ಜೋಳದ ರೊಟ್ಟಿ ಶಾಂತಾಳ ಬಾಯಿಯ ಹುಣ್ಣಿಗೆ ಚುಚ್ಚುತ್ತದೆ, ಮಜ್ಜಿಗೆ ಕೂಡದು. ಉಳಿದದ್ದು ಡಬ್ಬಿಯಲ್ಲಿನ ಕಡಲಿ ಹಿಟ್ಟು, ವೈದ್ಯರು ಬೇಡವೆಂದದ್ದು. ಆಯಿ ಅದನ್ನು ಪರಾತದಲ್ಲಿ ಹಾಕಿಕೊಂಡಳು. ಹಸಿಮೆಣಸಿನಕಾಯಿ ಬೇಡ, ಹುಣ್ಣಿಗೆ ಉರಿಯುತ್ತದೆ. ಜೀರಿಗೆ ಕುಟ್ಟಿ ಹಾಕಿದಳು. ವಾಯು ಆಗದಿರಲಿ ಎಂದು ಅಜವಾನ ಅಂಗೈಯಲ್ಲಿ ತಿಕ್ಕಿ ಹಾಕಿದಳು. ಉಳ್ಳಾಗಡ್ಡಿಯ ತೊಪ್ಪಲು, ಚಿವುಟಿ ತಂದ ಕಡಲಿ ಕುಡಿ, ಚೂರು ಅರಿಸಿನ, ಉಪ್ಪು. ಮಜ್ಜಿಗೆಯ ಬದಲು ಎರಡು ಚಮಚ ಆ ಹುಳಿ. ನೀರು ಹಾಕುವಾಗ ಅವಳ ಕೈ ಬಹಳ ಲೆಕ್ಕದ್ದು. ಕಡಲಿ ಹಿಟ್ಟು ಒಮ್ಮೆಲೇ ನೀರು ಕುಡಿದು ಕೈಗೆ ಅಂಟಿಕೊಳ್ಳುತ್ತದೆ, ಜೋಳದ ಹಿಟ್ಟಿನಂತೆ ಬಡಿದರೆ ಅಗಲವಾಗುವುದಿಲ್ಲ. ಅದಕ್ಕೇ ಆಯಿ ಇಬ್ಬನಿ ಹಿಂಡಿದ ಅದೇ ಹಸಿ ಅರಿವೆಯನ್ನು ಹಲಗೆಯ ಮೇಲೆ ಹಾಸಿ, ಉಂಡೆಯನ್ನು ಅದರ ಮೇಲಿಟ್ಟು ಒದ್ದೆ ಬೆರಳಿನಿಂದ ತಟ್ಟುತ್ತಿದ್ದಳು. ತಟ್ಟಿ ನಡುವೆ ಕಿರುಬೆರಳಿನಿಂದ ಒಂದು ತೂತು. ಆಮೇಲೆ ಅರಿವೆಯ ಎರಡು ತುದಿ ಹಿಡಿದು ಎತ್ತಿ ಕಾದ ಹಂಚಿನ ಮೇಲೆ ಕವುಚಿ, ಬೆನ್ನು ಸವರಿ, ಅರಿವೆಯನ್ನು ಸಾವಕಾಶ ಸುಲಿದು ತೆಗೆಯುವುದು. ತೂತಿನೊಳಗೆ ಕುಸುಬಿ ಎಣ್ಣೆ ಬಿಟ್ಟಾಗ ಒಂದು ಸಣ್ಣ ಸಿಳ್ಳು ಬರುತ್ತಿತ್ತು. ಅರಿವೆಯ ನೇಯ್ಗೆ ರೊಟ್ಟಿಯ ಮೇಲೆ ಅಚ್ಚಾಗಿರುತ್ತಿತ್ತು, ಎಳೆ ಎಳೆ ಎಣಿಸುವ ಹಾಗೆ.

ಶಾಂತಾ ಮೊದಲ ದಿನ ಅಂಗೈಯಷ್ಟು ತಿಂದಳು. ನಾವಿಬ್ಬರೂ ಅವಳ ಹೊಟ್ಟೆಯನ್ನು ನೋಡುತ್ತ ಕೂತೆವು, ಅದೇನೋ ಮಾತಾಡುತ್ತದೆ ಎನ್ನುವ ಹಾಗೆ. ಏನೂ ಆಗಲಿಲ್ಲ. ಐದಾರು ದಿನಕ್ಕೆ ಹೊಟ್ಟೆಯ ಬಿಗಿತ ಇಳಿಯಿತು. ಹತ್ತನೆಯ ದಿನವೋ ಹನ್ನೊಂದನೆಯದೋ, ಸಾಲಿನಲ್ಲಿದ್ದ ನನಗೆ ಹಿಂದಿನಿಂದ ಯಾರೋ ಓಡಿಬರುವ ಸದ್ದು ಕೇಳಿತು. ತಿರುಗಿದರೆ ಶಾಂತಾ. ಅವಳು ಓಡಿದ್ದನ್ನು ಕಂಡು ಎಷ್ಟು ತಿಂಗಳಾಗಿತ್ತು ಎಂದು ಆಗ ನೆನಪಾಯಿತು.

“ಇಪ್ಪತ್ತೊಂದು ಹೆಂಗ ಅನ್ನೂದು?” ಎಂದು ಕೇಳಿದಳು. “ಚಿಗರಿ ಹೋಗಾಕತ್ತಾವ, ಲಗೂನ ಹೇಳು.”

ಅಪ್ಪ ವಾರಕ್ಕೊಮ್ಮೆ ಬರುತ್ತಿದ್ದ. ಮಗಳನ್ನು ಎತ್ತಿ ತೂಗಿ ನೋಡಿ, ಗಡಿಗೆಯಲ್ಲಿನ ಹುಳಿಯನ್ನು ನೋಡಿ, ಇದೇ ಮಾಡಿದ್ದು ಎಂದು ತೀರ್ಮಾನಿಸಿದ. ಊರೆಲ್ಲ ಅದನ್ನೇ ಹೇಳಿದ. ಕಡಲಿ ಹುಳಿ ಕೇಳಿಕೊಂಡು ಇಬ್ಬರು ಮೂವರು ಬಾಟಲಿ ಹಿಡಿದುಕೊಂಡು ಬಂದರು ಕೂಡ.

ಎಳ್ಳು ಅಮಾವಾಸ್ಯೆಗೆ, ನಮ್ಮ ಎಳ್ಳಮಾಸಿಗೆ, ಅವ್ವ, ಅಪ್ಪ ಬುತ್ತಿ ಹೊತ್ತು ಹೊಲಕ್ಕೆ ಬಂದರು. ಮಗಳು ಬದುಕಿದ ಹಬ್ಬ ಅದು. ಶೇಂಗಾ ಹೋಳಿಗೆ, ಕಡಬು, ಗೋಧಿ ಹುಗ್ಗಿ, ಅವ್ವ ಕೊಡವನ್ನೇ ಬರಿದು ಮಾಡಿದ್ದಳು. ಭೂಮಿತಾಯಿಗೆ ಚರಗ ಚೆಲ್ಲಿ ಎಲ್ಲರೂ ಸಾಲಿನ ನಡುವೆ ಕೂತು ಉಂಡೆವು. ಶಾಂತಾ ಎರಡು ಹೋಳಿಗೆ ತಿಂದಳು. ನಾನು ಐದು. ಬಿಸಿಲು ಎಳೆಯದು, ಕಡಲಿಯ ನೇರಳೆ ಹೂವು, ಅವ್ವ ಎಷ್ಟೋ ದಿನದ ಮೇಲೆ ನಗುತ್ತಿದ್ದಳು. ಆ ಮಧ್ಯಾಹ್ನವನ್ನು ಹಾಗೇ ನಿಲ್ಲಿಸಬಹುದಾಗಿದ್ದರೆ ನಿಲ್ಲಿಸುತ್ತಿದ್ದೆ.

ಮೂರನೆಯ ದಿನಕ್ಕೆ ಶಾಂತಾ ಮತ್ತೆ ಮಲಗಿದಳು. ಅದೇ ಹೊಟ್ಟೆ, ಅದೇ ವಾಂತಿ. ಅಪ್ಪ ಬಂದು ನೋಡಿ, ದೃಷ್ಟಿ ತಾಗಿದೆ ಎಂದ, ಹುಳಿಯನ್ನು ಎರಡು ಚಮಚ ಜಾಸ್ತಿ ಕೊಡಿ ಎಂದ. ನಾನು ಬದುವಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿದೆ. ಹುಳಿ ದಿನವೂ ಕೊಡುತ್ತಿದ್ದೆವು, ನಿಲ್ಲಿಸಿರಲಿಲ್ಲ. ಗಾಳಿ ಅದೇ, ಗುಡಿಸಲು ಅದೇ. ಹೊಸದಾಗಿ ಬಂದದ್ದು ಒಂದೇ.

“ಅಪ್ಪಾ, ಆಕೀಗಿ ಗೋಧಿ ಆಗಿಬರೂದಿಲ್ಲ” ಎಂದೆ.

ಅಪ್ಪ ಮೊದಲು ತಿಳಿಯಲಿಲ್ಲವೆಂಬಂತೆ ನೋಡಿದ. “ಏನಂದಿ?”

“ಹಿಟ್ಟು ನಾಯಿಪಾಲಾಗಿ ಗೋಧಿ ತಪ್ಪಿದಾಗ ಆರಾಮ ಆಗಿದ್ಲು. ಹೋಳಿಗಿ ತಿಂದು ಬಿದ್ದಾಳ. ಮನ್ಯಾಗೂ ಗಂಜಿ ಕುಡದ ಹೆಚ್ಚಾತು.”

“ದೇವರ ಎಡಿಗೆ ಇಡೂ ಕಾಳು, ಅದು ವಿಷಾ ಆತು ಈಗ?” ಅಪ್ಪ ಆಯಿಯ ಕಡೆ ತಿರುಗಿದ. “ಕೇಳಿದ್ಯೇನಬೇ, ಸಾಲಿ ಬಿಟ್ಟು ಒಂದ ತಿಂಗಳಾಗಿಲ್ಲ, ಡಾಕ್ಟರ್ ಆಗ್ಯಾನ ನಿನ್ನ ಮೊಮ್ಮಗ. ಅವರವ್ವ ಹೊಟ್ಟಿಗೆ ತಿನ್ನದ ಗೋಧಿ ಕೂಡಿಸಿ ಕುಡಿಸ್ಯಾಳ. ಲೇ, ಆಕೀ ಮುಂದ ಅನ್ನು ಈ ಮಾತು, ನೀ ಮಗಳಿಗೆ ವಿಷಾ ಹಾಕೀ ಅಂತ.”

ಅದು ನನಗೆ ಹೊಳೆದಿರಲಿಲ್ಲ. ಆದರೂ ಹಟ ನನ್ನದು ಹುಟ್ಟಿನಿಂದ ಬಂದದ್ದು. “ಎಂಟ ದಿನಾ ಕೊಡು” ಎಂದೆ. “ಬರೀ ಕಡಲಿ ರೊಟ್ಟಿ. ಬ್ಯಾರೆ ಏನೂ ಇಲ್ಲ. ನಾನ ಮಾಡಿ ಹಾಕತೀನಿ. ಆರಾಮ ಆಗಲಿಲ್ಲಂದ್ರ ಕರಕೊಂಡು ಹೋಗು, ಗಂಜಿ ಕುಡಸ್ರಿ, ನಾ ಮತ್ತ ಬಾಯಿ ತಗಿಯಂಗಿಲ್ಲ.”

“ಹೊಟ್ಟಿ ಬ್ಯಾನಿ ಕೂಸಿಗೆ ಕಡಲಿ ಹಿಟ್ಟು ಹಾಕಿದವರನ್ನ ಯಾವ ಊರಾಗ ನೋಡೀದಿ ನೀ?” ಎಂದ ಅಪ್ಪ. ಆಮೇಲೆ ಮಗಳ ಮುಖ ನೋಡಿದ. “ಎಂಟ ದಿನಾ. ಒಂಬತ್ತನೇ ದಿನಾ ಬಂಡಿ ತರತೀನಿ.”

ಆಯಿಯ ಬಲಗೈ ಹೆಬ್ಬೆರಳಿಗೆ ಜಾಲಿಮುಳ್ಳು ಮುರಿದು ಕೀವು ತುಂಬಿತ್ತು. ಹೀಗಾಗಿ ತಟ್ಟುವುದು ನಿಜವಾಗಿಯೂ ನನ್ನ ಪಾಲಿಗೆ ಬಂತು. ಮೊದಲ ರೊಟ್ಟಿ ಅರಿವೆಗೇ ಅಂಟಿತು. ಎರಡನೆಯದು ಹಂಚಿನ ಮೇಲೆ ಬಿದ್ದು ಎರಡಾಯಿತು. ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಕಾಕಾ ನಿಂತು ನೋಡಿದ.

“ಏನಪಾ ತಮ್ಮಾ, ನಿನ್ನ ನೋಡಾಕ ವರಾ ಬರಾಕತ್ತಾನೇನು?”

“ಬಂದ್ರ ನಿಮ್ಮನಿಗೆ ಕಳಸತೀನಿ, ಕುರಿ ಮುಂದ ಹೊಡಿ” ಎಂದೆ. ಕೌದಿಯೊಳಗಿಂದ ಶಾಂತಾ ನಕ್ಕಳು. ಆ ನಗುವಿಗಾಗಿ ಮೂರನೆಯ ರೊಟ್ಟಿ ಸರಿಯಾಗಿ ಬಂತು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಐದು ದಿನದಲ್ಲಿ ಅವಳು ಎದ್ದು ಕೂತಳು. ಆಗ ಡಬ್ಬಿ ಬರಿದಾಯಿತು. ಆಯಿಗೆ ಬೀಸಲು ಕೈಯಿಲ್ಲ, ಬೀಸುಕಲ್ಲು ಊರಲ್ಲಿ. ಕಡಲಿ ಬ್ಯಾಳಿಯ ಗಂಟು ಹೊತ್ತುಕೊಂಡು ನಾನು ಬಬಲೇಶ್ವರದ ಗಿರಣಿಗೆ ನಡೆದೆ. ಇಲ್ಲಿ ಒಂದು ಮಾತು ಹೇಳಬೇಕು. ಗಿರಣಿಯಲ್ಲಿ ಕಾಳು ಬೀಸಿ ಮುಗಿದ ಮೇಲೂ ಕಲ್ಲಿನ ನಡುವೆ, ಹಿಟ್ಟು ಇಳಿಯುವ ಬಟ್ಟೆಯ ತೋಳಿನೊಳಗೆ ಒಂದೆರಡು ಹಿಡಿ ಹಿಟ್ಟು ಉಳಿಯುತ್ತದೆ. ಅದು ಹಿಂದೆ ನಿಂತವನ ಡಬ್ಬಿಗೆ ಬೀಳುತ್ತದೆ. ಅದಕ್ಕೆ ನಮ್ಮ ಕಡೆ ಬಡವರ ಮನೆಯ ಹೆಂಗಸರು, ಹುಡುಗರು ಗೋಧಿ ತಂದವರ ಹಿಂದೆ ನಿಲ್ಲುವುದಕ್ಕೆ ಹಾತೊರೆಯುತ್ತಿದ್ದರು. ಜೋಳದ ಚೀಲ ತಂದು ಬಿಳಿ ಗೋಧಿ ಹಿಟ್ಟನ್ನು ಮೇಲಿನ ಪದರಾಗಿ ಒಯ್ಯುವುದೆಂದರೆ ಅದೊಂದು ಗೆಲುವು. ಅದನ್ನು ಸಾವಕಾಶ ಬಳಿದು ಬೇರೆ ತೆಗೆದರೆ ಮಕ್ಕಳಿಗೊಂದು ಚಪಾತಿ. ಗೋಧಿಯ ಹಿಂದಿನ ಜಾಗಕ್ಕೆ ಗಿರಣಿಯಲ್ಲಿ ಜುಟ್ಟು ಹಿಡಿದು ಜಗಳವಾದದ್ದನ್ನು ನೋಡಿದ್ದೇನೆ. ಆ ದಿನ ಯಾರದೋ ಲಗ್ನದ ಗೋಧಿ ಎರಡು ಚೀಲ ಬೀಸುತ್ತಿತ್ತು. ಗಿರಣಿಯ ರಾಚಪ್ಪ ಕಾಕಾ ನನ್ನನ್ನು ನೋಡಿ ಕಣ್ಣು ಹೊಡೆದ.

“ಬಾರಲೇ, ಇವರ ಹಿಂದ ನಿಂದ್ರು. ಲಗ್ನದ ಗೋಧಿ ಐತಿ, ನಿನ್ನ ದೈವ ಚಲೋ ಐತಿ.”

ನಿಂತೆ. ಒಬ್ಬ ಹೆಂಗಸು ತನ್ನ ಜೋಳದ ಬುಟ್ಟಿ ಮುಂದೆ ತಳ್ಳಿದರೆ ಮೊಣಕೈಯಿಂದ ಸರಿಸಿ ನಿಂತೆ. ಹಳದಿ ಹಿಟ್ಟು ಬೀಳುವ ಮೊದಲು ಬಿಳಿ ಹಿಟ್ಟು ನನ್ನ ಡಬ್ಬಿಗೆ ಸುರಿಯುತ್ತಿದ್ದಾಗ ಆದ ಸಂತೋಷ ಸುಳ್ಳಲ್ಲ. ತಿಂಗಳುಗಟ್ಟಲೆ ಕಂಬಕ್ಕೆ ಆತು ನೋಡಿದ ಆಸೆ ಅದು. ಬಾಯಿಂದ ಗೋಧಿ ಬೇಡ ಎಂದು ಅಪ್ಪನೆದುರು ವಾದಿಸಿದವನು, ಗೋಧಿ ಪುಕ್ಕಟೆ ಬಂದಾಗ ಎಲ್ಲವನ್ನೂ ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ. ಎರಡು ಹಿಡಿಯಿಂದ ಏನಾಗುತ್ತದೆ ಎಂದುಕೊಂಡೆ. ದಾರಿಯಲ್ಲಿ ಬಿಳಿಯ ಪದರನ್ನು ಬೆರಳಿನಿಂದ ಬಳಿದು ಬಾಯಿಗೆ ಹಾಕಿಕೊಂಡೆ, ಉಳಿದದ್ದು ಹಳದಿಯಲ್ಲಿ ಬೆರೆತುಹೋಯಿತು.

ಏಳನೆಯ ದಿನ ಶಾಂತಾ ಊಟ ಬೇಡವೆಂದಳು. ಎಂಟನೆಯ ದಿನ ವಾಂತಿ. ಒಂಬತ್ತನೆಯ ದಿನ ಮುಂಜಾನೆ ಮಂಜಿನೊಳಗಿಂದ ನಮ್ಮ ಎತ್ತುಗಳ ಗಂಟೆಯ ಸದ್ದು ಬಂತು. ಅಪ್ಪ ಹೇಳಿದಂತೆ ಬಂಡಿ ತಂದಿದ್ದ. ಮಗಳನ್ನು ಒಮ್ಮೆ ನೋಡಿದ. ಬಂಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸತೊಡಗಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮಾತು ಸುಳ್ಳಾಯಿತು, ಇನ್ನು ಅವಳಿಗೆ ಮೂರು ಹೊತ್ತು ಗಂಜಿ. ಅದು ನಾನೇ ಒಪ್ಪಿಕೊಂಡು ಕೊಟ್ಟ ಮಾತು. ಹೋಗುವ ಮೊದಲು ಅವಳಿಗೆ ಒಂದು ರೊಟ್ಟಿ ಮಾಡೋಣವೆಂದು, ಏನು ಮಾಡುತ್ತಿದ್ದೇನೆಂದು ತಿಳಿಯದೆ, ಹಿಟ್ಟು ಕಲಸಲು ಕೂತೆ. ಆಯಿ ಪಕ್ಕದಲ್ಲಿ ಕೂತಿದ್ದಳು. ತನ್ನ ಕೈಗೆ ಕಟ್ಟಿದ್ದ ಪಟ್ಟಿಯನ್ನು ಆ ದಿನವೇ ಬಿಚ್ಚಿದ್ದಳು. ನನ್ನ ಕೈಯಿಂದ ಪರಾತ ಎಳೆದುಕೊಂಡು ಒಂದು ಚೂರು ಹಿಟ್ಟನ್ನು ಎರಡು ಬೆರಳಿನ ನಡುವೆ ಹಿಡಿದು ಎಳೆದಳು. ಕಡಲಿ ಹಿಟ್ಟು ಎಳೆದರೆ ಕಡಿದುಬೀಳಬೇಕು. ಅದು ಅಂಟಿನಂತೆ ಕೂದಲಷ್ಟು ಸಣ್ಣ ಎಳೆಯಾಗಿ ಬಂತು.

“ಇದರಾಗ ಜಿಗಿ ಐತಿ” ಎಂದಳು ಆಯಿ. ಮತ್ತೆ ಎಳೆದು ನೋಡಿದಳು. “ಮಲ್ಲ್ಯಾ, ಗಿರಣ್ಯಾಗ ಯಾರ ಹಿಂದ ನಿಂತಿದ್ದಿ?”

ನಾನು ಕೈಗೆ ಹತ್ತಿದ್ದ ಹಿಟ್ಟನ್ನು ಉಜ್ಜಿ ತೆಗೆಯತೊಡಗಿದೆ.

“ಯಾರ ಹಿಂದ ನಿಂತಿದ್ಯೋ ತಮ್ಮಾ?”

ಹೇಳದೆ ಇರಬಹುದಿತ್ತು. ಹಿಟ್ಟು ಹಳೆಯದು, ಬ್ಯಾಳಿ ಕೆಟ್ಟಿತ್ತು ಎಂದು ಏನಾದರೂ ಅನ್ನಬಹುದಿತ್ತು. ಅಪ್ಪ ಬಂಡಿಯ ಹತ್ತಿರ ನಿಂತು ಕೇಳುತ್ತಿದ್ದ. ನನ್ನ ಅಭಿಮಾನ ಎಷ್ಟು ದೊಡ್ಡದು ಎನ್ನುವುದು ನನ್ನ ಹೆಂಡತಿ ಮಕ್ಕಳಿಗೆ ಗೊತ್ತು. ತಪ್ಪು ಒಪ್ಪಿಕೊಂಡ ದಿನಗಳು ನನ್ನ ಬಾಳಿನಲ್ಲಿ ಬಹಳ ಇಲ್ಲ. ಎದ್ದು ಬಂಡಿಯ ಹತ್ತಿರ ಹೋದೆ.

“ಅಪ್ಪಾ, ತಪ್ಪು ನಂದು. ಗೋಧಿ ಹಿಂದ ನಿಂತಿದ್ದೆ. ಲಗ್ನದ ಗೋಧಿ ಇತ್ತು. ಆಸೆ ಆತು. ಎರಡ ಹಿಡಿ ಬಿದ್ದೈತಿ ಹಿಟ್ಟಿನ್ಯಾಗ. ಅದನ್ನ ಆಕೀಗಿ ತಿನಿಸೀನಿ.”

ಅಪ್ಪ ನನ್ನನ್ನು ನೋಡಿದ. ಹೊಡೆಯುತ್ತಾನೆ ಎಂದುಕೊಂಡೆ. “ಎರಡ ಹಿಡಿಯಿಂದ?” ಎಂದ.

“ಎರಡ ಹಿಡಿಯಿಂದ.”

ಆಯಿ ಒಳಗಿಂದ ಬಂದು ಆ ಹಿಟ್ಟಿನ ಎಳೆಯನ್ನು ಅಪ್ಪನ ಕಣ್ಣೆದುರು ಹಿಡಿದಳು. “ನನ್ನ ಕೈ ಸುಳ್ಳು ಹೇಳೂದಿಲ್ಲೋ ಯಪ್ಪಾ. ಅರವತ್ತ ವರ್ಷ ಹಿಟ್ಟು ನಾದೇನಿ.”

ಮಂಜು ಆಗ ಏಳುತ್ತಿತ್ತು. ಅಪ್ಪ ಹಾಸಿದ ಕೌದಿಯನ್ನು ಬಂಡಿಯಿಂದ ತೆಗೆದ. ಆಮೇಲೆ ಅದನ್ನು ಮಡಚಿ ಆಯಿಯ ಕೈಗೆ ಕೊಟ್ಟು, ಬಂಡಿ ಏರಿ ಬರಿಗೈಯಲ್ಲಿ ಊರ ಕಡೆ ಹೋದ. ಹೋದದ್ದು ಸಿಟ್ಟಿನಿಂದಲೋ ಏನೋ ನನಗೆ ತಿಳಿಯಲಿಲ್ಲ. ಬಂಡಿ ಸಣ್ಣದಾಗುತ್ತ ಆ ಸಪಾಟು ಬಯಲಿನಲ್ಲಿ ಬಹಳ ಹೊತ್ತು ಕಾಣುತ್ತಲೇ ಇತ್ತು.

ಸಂಜೆಗಿಂತ ಮೊದಲು ಅದು ತಿರುಗಿ ಬಂತು. ಅಪ್ಪನ ಪಕ್ಕದಲ್ಲಿ ಅವ್ವ ಕೂತಿದ್ದಳು. ಅವಳ ಕಾಲ ಬಳಿ ಹುಲ್ಲಿನ ಮೇಲೆ ಮನೆಯ ಬೀಸುಕಲ್ಲು. ಅದನ್ನು ಅವ್ವ ಬಿಸಿನೀರಿನಲ್ಲಿ ಮೂರು ಸಲ ತೊಳೆದು, ತೆಂಗಿನ ನಾರಿನಿಂದ ತಿಕ್ಕಿ, ಬಿಸಿಲಿಗೆ ಒಣಗಿಸಿ ತಂದಿದ್ದಳು, ಕಲ್ಲಿನ ಚುಕ್ಕಿ ಚುಕ್ಕಿಯಲ್ಲಿ ಕೂತಿರಬಹುದಾದ ಹಳೆಯ ಗೋಧಿ ಹೋಗಲಿ ಎಂದು. ಅಳುತ್ತಿರಲಿಲ್ಲ. ಇಳಿದವಳೇ ಸೆರಗು ಸಿಕ್ಕಿಸಿ, “ಬ್ಯಾಳಿ ಎಲ್ಲೈತಿ?” ಎಂದಷ್ಟೇ ಕೇಳಿದಳು. ಅವಳು ಒಂದು ಕಡೆ, ನಾನು ಒಂದು ಕಡೆ ಗೂಟ ಹಿಡಿದು ಬೀಸಿದೆವು. ಕಲ್ಲಿನ ಸುತ್ತ ಹಳದಿ ಹಿಟ್ಟು ಬಳೆಯಂತೆ ಬೀಳುತ್ತಿತ್ತು. ಅವಳ ಕೈ ನನ್ನ ಕೈಯ ಮೇಲೆ ಇತ್ತು. ಗಂಜಿಯ ಮಾತನ್ನು ನಾವಿಬ್ಬರೂ ಆಗಲೂ ಎತ್ತಲಿಲ್ಲ, ಆಮೇಲೆ ಅವಳು ಇದ್ದಷ್ಟು ವರ್ಷವೂ ಎತ್ತಲಿಲ್ಲ.

ಕಡಲಿ ಕಿತ್ತು ರಾಶಿಯಾಗುವ ಹೊತ್ತಿಗೆ ಶಾಂತಾ ನೂರರವರೆಗೆ ಎಣಿಸುತ್ತಿದ್ದಳು, ಎಣಿಸುವುದಕ್ಕೆ ನಿಲ್ಲದೆ ಚಿಗರಿಯ ಹಿಂದೆಯೇ ಓಡುತ್ತಿದ್ದಳು. ಆ ಜಡ್ಡಿಗೆ ಒಂದು ಹೆಸರಿದೆ, ಗೋಧಿಯೊಳಗಿನ ಜಿಗಿಯನ್ನು ಕೆಲವರ ಕರುಳು ತಾಳುವುದಿಲ್ಲ ಎಂದು ಒಬ್ಬ ಡಾಕ್ಟರು ಅವಳಿಗೆ ಹೇಳಿದ್ದು ಬಹಳ ವರ್ಷಗಳ ಮೇಲೆ, ಅವಳಿಗೆ ಎರಡು ಮಕ್ಕಳಾದ ಮೇಲೆ. ಅವಳು ನಕ್ಕು, ನಮ್ಮ ಆಯಿಗೆ ಗೊತ್ತಿತ್ತು, ನಮ್ಮಣ್ಣನಿಗೆ ಗೊತ್ತಿತ್ತು ಎಂದಳಂತೆ. ಅವಳ ಲಗ್ನದ ಮಾತುಕತೆಯಲ್ಲಿ ಬಿಜಾಪುರದ ಗಾಂಧಿ ಚೌಕದ ಹತ್ತಿರದ ಬೀಗರಿಗೆ ನಾನು ಮೊದಲು ಹೇಳಿದ್ದೇ ಇದನ್ನು: ನಮ್ಮ ಹುಡುಗಿ ಹೋಳಿಗೆ ಮಾಡುತ್ತಾಳೆ, ತಿನ್ನುವುದಿಲ್ಲ, ಒಪ್ಪಿಗೆಯಿದ್ದರೆ ಮುಂದೆ ಮಾತು. ಒಪ್ಪಿದರು. ಆಕೆಯ ಸಂದೂಕದ ಜೊತೆ ಒಂದು ಬೀಸುಕಲ್ಲು ಹೋಯಿತು.

ನಾನು ಇಪ್ಪತ್ತರೊಳಗೆ ರಾಚಪ್ಪ ಕಾಕಾನ ಗಿರಣಿಯಲ್ಲಿ ಕೆಲಸಕ್ಕೆ ನಿಂತೆ, ಆಮೇಲೆ ಬಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ನನ್ನದೇ ಹಾಕಿದೆ. ಅಲ್ಲಿ ಕಡಲಿಗೆ ಬೇರೆ ಕಲ್ಲು, ಬೇರೆ ತೋಳು, ಬೇರೆ ಮೂಲೆ. ಹುಚ್ಚು ಖರ್ಚು ಎಂದವರಿದ್ದರು. ಓದಿದ್ದರೆ ಏನಾಗುತ್ತಿದ್ದೆಯೋ ಎಂದು ಕೇಳುವವರು ಈಗಲೂ ಇದ್ದಾರೆ. ಏನಾಗುತ್ತಿದ್ದೆನೋ ಗೊತ್ತಿಲ್ಲ. ಏನಿದೆ ಎಂದು ಕೇಳಿದರೆ ಹೇಳಬಲ್ಲೆ. ಏಳು ಎಕರೆ ಎರಿ ಹೊಲ. ಎರಡು ಗಿರಣಿ. ಒಂದು ಎಮ್ಮೆ. ಮೂರು ಮಕ್ಕಳು, ನಾಲ್ಕು ಮೊಮ್ಮಕ್ಕಳು. ಒಬ್ಬ ತಂಗಿ.